ಹಳೆಯ ಎಕ್ಸ್‌ಪಿಯಿಂದ ನಾನು ಕಲಿತ ನೈದಾನಿಕ ಪಾಠ

ಬೋಧನಾಭ್ಯಾಸದ ವರದಿಯ ನಮೂನೆಯಲ್ಲಿ ‘ಬಳಸಿದ ಬೋಧನೋಪಕರಣಗಳು’ ಎಂಬ ಒಂದು ಕಾಲಂ ಇದೆ. ಅದರಲ್ಲಿ ನಾನು ‘ಶಾಲೆಯ ಮಳೆ ದಾಖಲೆ’ ಎಂದು ಮೂರು ಪದ ಬರೆದು ಮುಗಿಸಿದೆ. ಆ ಮೂರು ಪದಗಳ ಹಿಂದೆ ಎರಡು ವಾರದ ನಿದ್ದೆಗೆಟ್ಟ ರಾತ್ರಿಗಳಿದ್ದವು, ಒಂದು ಮಗುವಿಗೆ ನಾನು ಮಾಡಿದ ಅನ್ಯಾಯವೂ ಇತ್ತು. ವರದಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಹಂಚಿಕೆಯಾದದ್ದು ಮಲೆನಾಡಿನ ಅಂಚಿನಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆ. ಶಾಲೆಯ ಹಿಂದೆ, ಕೈತೋಟದ ಪಕ್ಕದಲ್ಲಿ ಒಂದು ಮಳೆಮಾಪಕ ಇದೆ. ಹಿಂದೆ ಅಲ್ಲಿದ್ದ ವಿಜ್ಞಾನ ಶಿಕ್ಷಕರೊಬ್ಬರು ಮಕ್ಕಳಿಂದ ದಿನವೂ ಬೆಳಿಗ್ಗೆ 8.30ಕ್ಕೆ ಅಳತೆ ತೆಗೆಸುತ್ತಿದ್ದರಂತೆ. ಹವಾಮಾನ ಇಲಾಖೆಯವರು ಮಳೆ ಅಳೆಯುವುದೂ ಅದೇ ಹೊತ್ತಿಗೆ. ಅಳತೆಗಳನ್ನು ತುಂಬಿಸಲು ಆ ಮೇಷ್ಟ್ರೇ ವಿಷುವಲ್ ಬೇಸಿಕ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದರು. ಅವರು ನಿವೃತ್ತರಾದರು, ಕಂಪ್ಯೂಟರ್ ಕೆಟ್ಟಿತು, ಕಾಗದದ ರಿಜಿಸ್ಟರನ್ನು ಗೆದ್ದಲು ತಿಂದಿತು. “ಎಂಟು ವರ್ಷದ ಮಳೆ ಆ ಡಬ್ಬದೊಳಗೆ ಕೂತಿದೆ ನೋಡಿ” ಎಂದು ನನ್ನ ಮಾರ್ಗದರ್ಶಕ ಶಿಕ್ಷಕರು ಕಂಪ್ಯೂಟರ್ ಕೊಠಡಿಯ ಮೂಲೆ ತೋರಿಸಿದರು.

ನನಗೆ ಆಸೆಯಾಯಿತು. 8ನೇ ತರಗತಿಯ ದತ್ತಾಂಶ ನಿರ್ವಹಣೆ ಘಟಕದಲ್ಲಿ ನನ್ನ ವೀಕ್ಷಣಾ ಪಾಠ ಇತ್ತು. ಪಠ್ಯಪುಸ್ತಕದ ಕ್ರಿಕೆಟ್ ರನ್ನುಗಳ ಬದಲು ಆ ಊರಿನದೇ ಮಳೆಯ ಅಂಕಿಗಳನ್ನು ಮಕ್ಕಳ ಮುಂದಿಟ್ಟರೆ ಹೇಗಿರುತ್ತದೆ! ಕಾಲೇಜಿನಿಂದ ಬರುವ ಉಪನ್ಯಾಸಕರು ಮೆಚ್ಚುತ್ತಾರೆ ಎಂಬ ಲೆಕ್ಕಾಚಾರವೂ ಇತ್ತು, ಸುಳ್ಳು ಹೇಳುವುದಿಲ್ಲ.

ಮದರ್‌ಬೋರ್ಡ್ ಸತ್ತಿತ್ತು, ಹಾರ್ಡ್ ಡಿಸ್ಕ್ ಬದುಕಿತ್ತು. ಅದನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಫೈಲುಗಳು ಕಂಡವು. ದತ್ತಾಂಶದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಪ್ರೋಗ್ರಾಂ ಓಡಿಸಿದರೆ ‘ಈ ಘಟಕ ಸರಿಯಾಗಿ ನೋಂದಣಿಯಾಗಿಲ್ಲ’ ಎಂಬರ್ಥದ ಸಂದೇಶ. ಕೋಷ್ಟಕ ತೋರಿಸಲು ಬೇಕಾದ ಒಂದು ಹಳೆಯ ಒಸಿಎಕ್ಸ್ ಫೈಲು ನನ್ನ ವಿಂಡೋಸ್ 10ರಲ್ಲಿ ಇರಲಿಲ್ಲ. ಕನ್ನಡ ಶೀರ್ಷಿಕೆಗಳೂ ಓದಲು ಬರಲಿಲ್ಲ. ಆ ಕಾಲದ ನುಡಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದು. ಫಾಂಟು ಇಲ್ಲದಿದ್ದರೆ ಅದು ಕನ್ನಡವೇ ಅಲ್ಲ. ಒಂದೊಂದಾಗಿ ಹೊಂದಿಸುವ ಬದಲು ಇಡೀ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನೇ ಅದರ ಫಾಂಟು, ಘಟಕಗಳ ಸಮೇತ ನನ್ನ ಲ್ಯಾಪ್‌ಟಾಪಿನೊಳಗೆ ಎಬ್ಬಿಸೋಣ ಎಂದುಕೊಂಡೆ.

ಇದಕ್ಕೆ ಬೇಕಾದದ್ದು ವರ್ಚುವಲ್ ಮಷಿನ್. ನಿಜವಾದ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್ ಅದು. ಒಳಗಿನ ಕಾರ್ಯಾಚರಣ ವ್ಯವಸ್ಥೆಗೆ ತಾನು ನಿಜವಾದ ಯಂತ್ರದ ಮೇಲೆಯೇ ಇದ್ದೇನೆ ಅನ್ನಿಸುತ್ತದೆ. ನಾನು ಬಳಸಿದ್ದು ಉಚಿತವಾಗಿ ಸಿಗುವ ವರ್ಚುವಲ್‌ಬಾಕ್ಸ್. ಒಂದು ಒಳ್ಳೆಯ ಕೆಲಸ ಮಾತ್ರ ಮೊದಲೇ ಮಾಡಿದೆ: ಡಿಸ್ಕಿನ 40 ಜಿಬಿಯನ್ನೂ ಒಂದು ಬಿಟ್ ಬಿಡದಂತೆ ನಕಲು ತೆಗೆದು, ಆ ನಕಲನ್ನು ವರ್ಚುವಲ್ ಡಿಸ್ಕಿನ ರೂಪಕ್ಕೆ ಪರಿವರ್ತಿಸಿದೆ. ಮೂಲ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಮುಂದೆ ನಾನು ಮಾಡಿದ ಮೂರ್ಖತನಗಳೆಲ್ಲ ನಕಲಿನ ಮೇಲೆ.

ಯಂತ್ರ ಚಾಲೂ ಮಾಡಿದೆ. ಎಕ್ಸ್‌ಪಿಯ ಲಾಂಛನ ಬಂತು, ಕೆಳಗಿನ ಪಟ್ಟಿ ಎರಡು ಸುತ್ತು ಓಡಿತು, ಪರದೆ ಕ್ಷಣಮಾತ್ರ ನೀಲಿಯಾಯಿತು, ಮತ್ತೆ ಮೊದಲಿನಿಂದ ಶುರು. ಹೀಗೇ ತಿರುಗುತ್ತಿತ್ತು. ಸೇಫ್ ಮೋಡಿನಲ್ಲಿ ಹೋದೆ. ಅಲ್ಲಿ ಲೋಡ್ ಆಗುವ ಡ್ರೈವರುಗಳ ಹೆಸರು ಒಂದರ ಕೆಳಗೊಂದು ಬರುತ್ತವೆ. ಕೊನೆಯ ಸಾಲು ಮಪ್.ಸಿಸ್. ಅಲ್ಲಿಗೆ ಬಂದು ಮತ್ತೆ ನೀಲಿ, ಮತ್ತೆ ಮೊದಲಿನಿಂದ.

ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಎರಡು ರಾತ್ರಿ ಮಪ್.ಸಿಸ್ ಹಿಂದೆ ಬಿದ್ದೆ. ಅದನ್ನು ಬದಲಿಸಿದೆ, ಹೆಸರು ತಿದ್ದಿದೆ, ಬೇರೆ ಕಡೆಯಿಂದ ತಂದು ಹಾಕಿದೆ. ಆಮೇಲೆ ತಾಳ್ಮೆ ತಪ್ಪಿ ವರ್ಚುವಲ್ ಮಷಿನ್ನಿನ ಮೆಮೊರಿ, ಚಿಪ್‌ಸೆಟ್, ಪ್ರೊಸೆಸರುಗಳ ಸಂಖ್ಯೆ, ಇನ್ನೂ ಎರಡು ಆಯ್ಕೆಗಳನ್ನು ಒಟ್ಟಿಗೇ ಬದಲಿಸಿದೆ. ಈಗ ಲಾಂಛನವೂ ಬರದೆ ಕಪ್ಪು ಪರದೆಯಲ್ಲಿ ನಿಂತಿತು. ಐದರಲ್ಲಿ ಯಾವುದು ಹೀಗೆ ಮಾಡಿತೆಂದು ತಿಳಿಯುವ ದಾರಿಯೇ ಇರಲಿಲ್ಲ.

ಇದೇ ವಾರ ತರಗತಿಯಲ್ಲಿ ನಡೆದದ್ದನ್ನು ಈಗ ಹೇಳಬೇಕು.

ಸರಾಸರಿ ಕಲಿಸುತ್ತಿದ್ದೆ. ಒಂದು ವಾರದ ಸರಾಸರಿ ಮಳೆ 7.5 ಮಿ.ಮೀ., ಇನ್ನೊಂದರದು 7.25 ಮಿ.ಮೀ. ಯಾವ ವಾರ ಹೆಚ್ಚು ಮಳೆ? ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ, “7.25 ಮಿಸ್” ಎಂದಳು. ನಾನು “ಅಲ್ಲ” ಎಂದು, ಬೋರ್ಡಿನ ಮೇಲೆ 7.5ನ್ನು 7.50 ಎಂದು ಬರೆದು ತೋರಿಸಿದೆ. ತಲೆಯಾಡಿಸಿದಳು. ಮರುದಿನ 0.4 ಮತ್ತು 0.35. ಮತ್ತೆ ತಪ್ಪು. ನಾನು ಅದೇ ವಿವರಣೆಯನ್ನು ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ. ಮತ್ತೆ ತಲೆಯಾಡಿಸಿದಳು. ಮೂರನೇ ದಿನ ಅವಳು “ಯಾಕಂದ್ರೆ ಮಿಸ್...” ಎಂದು ಶುರುಮಾಡುವಷ್ಟರಲ್ಲಿ ನಾನು ತಡೆದು, “ಎಂಟನೇ ಕ್ಲಾಸಿಗೆ ಬಂದು ಇಷ್ಟೂ ಗೊತ್ತಿಲ್ವಾ?” ಎಂದುಬಿಟ್ಟೆ. ಹಿಂದಿನ ಬೆಂಚಿನವರು ನಕ್ಕರು. ಆಮೇಲೆ ಅವಳು ಕೈ ಎತ್ತಲಿಲ್ಲ. ನನ್ನ ದಿನಚರಿಯಲ್ಲಿ ಅಂದು ಬರೆದ ವಾಕ್ಯ ಇನ್ನೂ ಇದೆ: ‘ಈ ವಿದ್ಯಾರ್ಥಿನಿಗೆ ಗಮನದ ಕೊರತೆ ಇದೆ.’

ಅದೇ ಶನಿವಾರ ಕಾಲೇಜಿಗೆ ಹೋದಾಗ ನಮ್ಮ ಗಣಿತ ಬೋಧನಾ ಪದ್ಧತಿಯ ಉಪನ್ಯಾಸಕರ ಬಳಿ ಹಳೆಯ ಕಂಪ್ಯೂಟರಿನ ಕಷ್ಟವನ್ನು ಹೇಳಿಕೊಂಡೆ. ಹುಡುಗಿಯ ವಿಷಯ ಹೇಳಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: “ನೀಲಿ ಪರದೆಯ ಮೇಲೆ ಏನು ಬರೆದಿತ್ತು?”

“ಓದಲು ಆಗುವುದಿಲ್ಲ ಸರ್, ತಕ್ಷಣ ರೀಸ್ಟಾರ್ಟ್ ಆಗಿಬಿಡುತ್ತದೆ.”

“ಹಾಗಾದರೆ ಮೊದಲು ಅದು ರೀಸ್ಟಾರ್ಟ್ ಆಗದಂತೆ ನಿಲ್ಲಿಸಿ. ತಪ್ಪನ್ನು ಪೂರ್ತಿ ಓದದೆ ಏನು ರಿಪೇರಿ ಮಾಡುತ್ತೀರಿ?”

ಎಕ್ಸ್‌ಪಿ ಶುರುವಾಗುವಾಗ ಎಫ್8 ಒತ್ತಿದರೆ ಬರುವ ಪಟ್ಟಿಯಲ್ಲಿ ‘ವ್ಯವಸ್ಥೆ ವಿಫಲವಾದಾಗ ತಾನಾಗಿ ಮರುಪ್ರಾರಂಭಿಸಬೇಡ’ ಎಂಬರ್ಥದ ಆಯ್ಕೆ ಇದೆ. ಎರಡನೇ ಸರ್ವಿಸ್ ಪ್ಯಾಕಿನಿಂದ ಬಂದದ್ದು. ನಾನು ಆ ಪಟ್ಟಿಯನ್ನು ಹತ್ತಾರು ಸಲ ತೆರೆದಿದ್ದೆ, ಆ ಸಾಲನ್ನು ಓದಿರಲಿಲ್ಲ. ಅಂದು ರಾತ್ರಿ ಹೊಸದಾಗಿ ನಕಲು ತೆಗೆದು, ಐದೂ ಬದಲಾವಣೆಗಳನ್ನು ಬಿಟ್ಟು, ವರ್ಚುವಲ್‌ಬಾಕ್ಸಿನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಂಡೆ. ಮುಂದೆ ಏನು ಕೆಟ್ಟರೂ ಆ ಸ್ಥಿತಿಗೆ ಹಿಂತಿರುಗಬಹುದು. ಒಂದು ನೋಟುಬುಕ್ಕಿನಲ್ಲಿ ಮೂರು ಕಾಲಂ ಎಳೆದೆ: ಬದಲಿಸಿದ್ದು, ನಿರೀಕ್ಷಿಸಿದ್ದು, ಆದದ್ದು. ಆಮೇಲೆ ಎಫ್8.

ಈ ಸಲ ನೀಲಿ ಪರದೆ ನಿಂತಿತು. ಕೆಳಗೆ 7ಬಿ ಎಂದು ಮುಗಿಯುವ ಸ್ಟಾಪ್ ಸಂಕೇತ. ಅದರ ಅರ್ಥ, ಯಾವ ಡಿಸ್ಕಿನಿಂದ ತಾನು ಏಳಬೇಕೋ ಆ ಡಿಸ್ಕನ್ನೇ ವಿಂಡೋಸ್‌ಗೆ ತಲುಪಲು ಆಗುತ್ತಿಲ್ಲ. ಮಪ್.ಸಿಸ್‌ಗೂ ಇದಕ್ಕೂ ಸಂಬಂಧವಿರಲಿಲ್ಲ. ಪಟ್ಟಿಯ ಕೊನೆಯಲ್ಲಿ ಕಾಣುವುದು ಕೊನೆಯದಾಗಿ ಸರಿಯಾಗಿ ಲೋಡ್ ಆದ ಫೈಲು, ಅಷ್ಟೆ. ಎಡವಿದ್ದು ಅದರ ನಂತರದ ಹೆಜ್ಜೆ, ಅದರ ಹೆಸರು ಪರದೆಯ ಮೇಲೆ ಬರುವುದೇ ಇಲ್ಲ. ಕೆಲಸ ಸರಿಯಾಗಿ ಮುಗಿಸಿದವನನ್ನೇ ನಾನು ಎರಡು ರಾತ್ರಿ ವಿಚಾರಿಸಿದ್ದೆ.

ಕಾರಣ ಹುಡುಕಿದೆ. ನಾನು ಡಿಸ್ಕನ್ನು ವರ್ಚುವಲ್ ಮಷಿನ್ನಿನ ಸಾಟಾ ನಿಯಂತ್ರಕಕ್ಕೆ ಜೋಡಿಸಿದ್ದೆ. ಎಕ್ಸ್‌ಪಿ ಬಂದದ್ದು 2001ರಲ್ಲಿ. ಆ ಬಗೆಯ ನಿಯಂತ್ರಕಕ್ಕೆ ಬೇಕಾದ ಡ್ರೈವರು ಅದರಲ್ಲಿಲ್ಲ. ಐಡಿಇ ನಿಯಂತ್ರಕಕ್ಕೆ ಬದಲಿಸಿದೆ, ಅದೊಂದನ್ನೇ. ಆದರೂ ಅದೇ 7ಬಿ. ಹಿಂದಿನ ವಾರವಾಗಿದ್ದರೆ ‘ಇದಲ್ಲ ಕಾರಣ’ ಎಂದು ಮತ್ತೆ ಸಾಟಾಗೆ ಹೋಗಿಬಿಡುತ್ತಿದ್ದೆ. ನೋಟುಬುಕ್ ಇದ್ದದ್ದರಿಂದ ನಿಧಾನಿಸಿದೆ. ಒಂದೇ ಸಂಕೇತಕ್ಕೆ ಎರಡು ಕಾರಣ ಇರಬಹುದು. ಹಳೆಯ ಯಂತ್ರದ ಚಿಪ್‌ಸೆಟ್ ಇಂಟೆಲ್‌ನದಾಗಿರಲಿಲ್ಲ. ವರ್ಚುವಲ್‌ಬಾಕ್ಸ್ ಅನುಕರಿಸುವ ಐಡಿಇ ನಿಯಂತ್ರಕ ಇಂಟೆಲ್ ಮಾದರಿಯದು. ಎಕ್ಸ್‌ಪಿ ಸ್ಥಾಪನೆಯಾದಾಗ ಆ ಯಂತ್ರಕ್ಕೆ ಬೇಕಾದ ಡ್ರೈವರನ್ನು ಮಾತ್ರ ಸಿದ್ಧವಾಗಿಟ್ಟುಕೊಂಡಿತ್ತು. ಇಂಟೆಲ್ ಡ್ರೈವರು ಡಿಸ್ಕಿನಲ್ಲೇ ಡ್ರೈವರ್.ಕ್ಯಾಬ್ ಎಂಬ ಮೂಟೆಯೊಳಗೆ ಇತ್ತು, ಬಿಚ್ಚಿರಲಿಲ್ಲ. ನಕಲು ಡಿಸ್ಕನ್ನು ಇನ್ನೊಂದು ವರ್ಚುವಲ್ ಮಷಿನ್ನಿಗೆ ಎರಡನೇ ಡಿಸ್ಕಾಗಿ ಜೋಡಿಸಿ, ಆ ಫೈಲನ್ನು ಮೂಟೆಯಿಂದ ತೆಗೆದು ಡ್ರೈವರುಗಳ ಫೋಲ್ಡರಿಗೆ ಹಾಕಿ, ಶುರುವಿನಲ್ಲೇ ಅದು ಲೋಡ್ ಆಗುವಂತೆ ರಿಜಿಸ್ಟ್ರಿಯಲ್ಲಿ ನಮೂದಿಸಿದೆ.

ಈಗ ಬೇರೆ ನೀಲಿ ಪರದೆ: 7ಇ, ಜೊತೆಗೆ ಇಂಟೆಲ್‌ಪಿಪಿಎಂ.ಸಿಸ್ ಎಂಬ ಹೆಸರು. ಮನೆಯಲ್ಲಿ ತಂಗಿ ಬೈದಳು, “ಇನ್ನೂ ಹಾಳಾಗಿದೆಯಲ್ಲ” ಎಂದು. ನನಗೆ ಖುಷಿಯಾಗಿತ್ತು. ತಪ್ಪು ಬದಲಾಗಿದೆ ಎಂದರೆ ಹಿಂದಿನ ಗೋಡೆ ದಾಟಿದ್ದೇವೆ ಎಂದರ್ಥ. ಅದು ಇಂಟೆಲ್ ಪ್ರೊಸೆಸರುಗಳ ವಿದ್ಯುತ್ ನಿರ್ವಹಣೆಯ ಡ್ರೈವರು. ಹಳೆಯ ಯಂತ್ರದ ಪ್ರೊಸೆಸರು ಇಂಟೆಲ್, ನನ್ನ ಲ್ಯಾಪ್‌ಟಾಪಿನದು ಎಎಂಡಿ. ಸೇಫ್ ಮೋಡಿನಲ್ಲಿ ಆ ಡ್ರೈವರು ಲೋಡ್ ಆಗದ್ದರಿಂದ ಈಗ ಒಳಗೆ ಹೋಗಲು ಸಾಧ್ಯವಾಯಿತು. ರಿಜಿಸ್ಟ್ರಿಯಲ್ಲಿ ಅದರ ಆರಂಭದ ಮೌಲ್ಯವನ್ನು 4 ಮಾಡಿದೆ, ಅಂದರೆ ‘ನಿಷ್ಕ್ರಿಯ’. ಮರುಪ್ರಾರಂಭಿಸಿದಾಗ 640 × 480ರ ಒರಟು ಪರದೆಯ ಮೇಲೆ ಹಳೆಯ ಮೇಷ್ಟ್ರ ಡೆಸ್ಕ್‌ಟಾಪ್ ಎದ್ದು ಬಂತು. ನಡುವಿನಲ್ಲಿ ನುಡಿ ಅಕ್ಷರಗಳಲ್ಲಿ ಒಂದು ಐಕಾನ್: ‘ನಮ್ಮ ಮಳೆ’.

ಜೊತೆಗೆ ಒಂದು ಎಚ್ಚರಿಕೆ. ಯಂತ್ರಾಂಶ ಬಹಳ ಬದಲಾಗಿದೆ, 3 ದಿನದೊಳಗೆ ಮತ್ತೆ ಸಕ್ರಿಯಗೊಳಿಸಿ. ಆ ಪರವಾನಗಿ ಹಳೆಯ ಯಂತ್ರದ ಜೊತೆಗೆ ಬಂದದ್ದು. ಅದನ್ನು ಕಾಯಂ ಆಗಿ ಬಳಸುವ ಉದ್ದೇಶ ನನಗಿರಲಿಲ್ಲ. ಎಕ್ಸ್‌ಪಿಗೆ ಸುರಕ್ಷತಾ ಪರಿಷ್ಕರಣೆಗಳು 2014ರ ಏಪ್ರಿಲ್ 8ಕ್ಕೇ ನಿಂತಿರುವುದರಿಂದ ಅದನ್ನು ಜಾಲಕ್ಕೂ ಜೋಡಿಸಲಿಲ್ಲ. ಅಂಕಿಗಳನ್ನು ಹೊರತೆಗೆಯಲು 3 ದಿನ ಸಾಕಿತ್ತು. ಪ್ರೋಗ್ರಾಮಿನಲ್ಲಿ ಮುದ್ರಣದ ಗುಂಡಿ ಇತ್ತು. ಎಕ್ಸ್‌ಪಿಯಲ್ಲಿ ಅಕ್ಷರಗಳನ್ನಷ್ಟೇ ಮುದ್ರಿಸುವ ಒಂದು ಸಾಮಾನ್ಯ ಪ್ರಿಂಟರ್ ಡ್ರೈವರು ಇದೆ; ಅದನ್ನು ಕಾಗದದ ಬದಲು ಫೈಲಿಗೆ ಬರೆಯುವಂತೆ ಹೊಂದಿಸಬಹುದು. ಎಂಟು ವರ್ಷದ ದಿನದಿನದ ಅಳತೆ ಒಂದು ವರ್ಚುವಲ್ ಫ್ಲಾಪಿಯಲ್ಲಿ ಹಿಡಿಸಿತು, ಇನ್ನೂ ಜಾಗ ಉಳಿದಿತ್ತು.

ಆ ರಾತ್ರಿ ಫೈಲನ್ನು ನೋಡುತ್ತಾ ಕೂತಿದ್ದಾಗ ಖುಷಿಯ ಜೊತೆ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು. ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದ ಯಂತ್ರ, “ಯಾಕಂದ್ರೆ ಮಿಸ್” ಎಂದವಳನ್ನು ತಡೆದು ಸರಿಯುತ್ತರ ಹೇಳಿದ ನಾನು. ಅವಳ ತಪ್ಪನ್ನು ನಾನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ‘ಗಮನದ ಕೊರತೆ’ ನನ್ನ ಮಪ್.ಸಿಸ್ ಆಗಿತ್ತು.

ಮರುದಿನ ಊಟದ ವಿರಾಮದಲ್ಲಿ ಅವಳನ್ನು ಒಬ್ಬಳನ್ನೇ ಕರೆದು ಆರು ಜೋಡಿ ಸಂಖ್ಯೆ ಕೊಟ್ಟೆ. ಸರಿ ತಪ್ಪು ಹೇಳುವುದಿಲ್ಲ, ನನಗೆ ನೀನು ಹೇಗೆ ಯೋಚಿಸುತ್ತೀಯ ಎಂದು ತಿಳಿಯಬೇಕು, ಅಷ್ಟೇ ಎಂದೆ. 0.45, 0.62: ಸರಿ. 3.7, 3.2: ಸರಿ. 0.6, 0.125: ತಪ್ಪು. 2.3, 2.15: ತಪ್ಪು. 0.8, 0.75: ತಪ್ಪು. 4.31, 4.29: ಸರಿ. ದಶಮಾಂಶ ಬಿಂದುವಿನ ನಂತರ ಅಂಕಿಗಳ ಸಂಖ್ಯೆ ಸಮವಿದ್ದಲ್ಲೆಲ್ಲ ಸರಿ, ಸಮವಿಲ್ಲದಲ್ಲೆಲ್ಲ ತಪ್ಪು. ಗಮನವಿಲ್ಲದ ಮಗು ಇಷ್ಟು ಶಿಸ್ತಾಗಿ ತಪ್ಪುವುದಿಲ್ಲ. ಅವಳು ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು: ಬಿಂದುವಿನ ಆಚೆಗಿರುವುದೂ ಒಂದು ಪೂರ್ಣಸಂಖ್ಯೆ.

“ಯಾಕೆ 0.75 ದೊಡ್ಡದು?” ಎಂದು ಕೇಳಿ ಸುಮ್ಮನೆ ಕೂತೆ. ಸುಮ್ಮನೆ ಕೂರುವುದೇ ಕಷ್ಟವಾಯಿತು. ಅವಳು ಬಹಳ ಹೊತ್ತಿನ ಮೇಲೆ ಹೇಳಿದಳು: “ಎಪ್ಪತ್ತೈದು ಎಂಟಕ್ಕಿಂತ ದೊಡ್ಡದಲ್ವಾ ಮಿಸ್? ನೀವೂ ಹಾಗೇ ಓದ್ತೀರಲ್ಲ, ಸೊನ್ನೆ ಪಾಯಿಂಟ್ ಎಪ್ಪತ್ತೈದು ಅಂತ.”

ನಿಜ. ಮೊದಲ ದಿನದಿಂದ ನಾನು ಹಾಗೇ ಓದುತ್ತಿದ್ದೆ. ‘ಸೊನ್ನೆ ದಶಮಾಂಶ ಏಳು ಐದು’ ಎಂದು ಓದಬೇಕೆಂದು ಸೂಕ್ಷ್ಮಬೋಧನೆಯಲ್ಲಿ ನನಗೇ ಹೇಳಿಕೊಟ್ಟಿದ್ದರು. ಅಂಗಡಿಯ ಬಾಯಿಮಾತು ತರಗತಿಯೊಳಗೂ ಬಂದಿತ್ತು. ಪೂರ್ಣಸಂಖ್ಯೆಗಳಿಗೆ ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡಿದ ಅವಳ ಹಳೆಯ ನಿಯಮಕ್ಕೆ ದಿನವೂ ನಾನೇ ಬಲ ಕೊಡುತ್ತಿದ್ದೆ.

ಪರಿಹಾರ ಬೋಧನೆಗೆ ಮೊದಲಿನಿಂದ ದಶಮಾಂಶ ಘಟಕ ಶುರುಮಾಡಲಿಲ್ಲ. ಮಳೆಮಾಪಕದ ಅಳತೆಗಾಜಿನ ಚಿತ್ರವನ್ನು ಉದ್ದನೆಯ ಕಾಗದದ ಮೇಲೆ ಬರೆದೆ. 7ರಿಂದ 8ರವರೆಗೆ ಹತ್ತು ಗೆರೆ. 7.5 ಎಲ್ಲಿ ಎಂದಾಗ ಐದನೇ ಗೆರೆ ತೋರಿಸಿದಳು. 7.25 ಎಂದಾಗ ಇಪ್ಪತ್ತೈದನೇ ಗೆರೆ ಹುಡುಕತೊಡಗಿದಳು. ಇರುವುದು ಹತ್ತೇ. ಬೆರಳು 8ನ್ನು ದಾಟಿ ನಿಂತಿತು. “ಇಲ್ಲಿಗೆ ಬಂದರೆ ಎಂಟಾಗಿ ಹೋಗುತ್ತಲ್ಲ ಮಿಸ್” ಎಂದಳು. ಆಮೇಲೆ ನಿಧಾನವಾಗಿ ಬೆರಳನ್ನು ಹಿಂದೆ ತಂದು, 2 ಮತ್ತು 3ರ ಗೆರೆಯ ನಡುವೆ ಇಟ್ಟಳು. ನಾನು ಏನೂ ಹೇಳಲಿಲ್ಲ.

ವೀಕ್ಷಣಾ ಪಾಠದ ದಿನ ಇಡೀ ತರಗತಿಗೆ ಅದೇ ಆರು ಜೋಡಿಗಳನ್ನು ಕೊಟ್ಟೆ. 34 ಮಕ್ಕಳಲ್ಲಿ 9 ಮಂದಿ ಅದೇ ನಿಯಮದಲ್ಲಿ ನಡೆಯುತ್ತಿದ್ದರು. ಅಂದು ನಕ್ಕವರಲ್ಲಿ ಇಬ್ಬರು ಅವರಲ್ಲಿದ್ದರು. ಅಳತೆಗಾಜಿನ ಕಾಗದಕ್ಕೆ ಹೆಚ್ಚು ಸಮಯ ಹೋಗಿ, ಸ್ತಂಭಾಲೇಖ ಅರ್ಧಕ್ಕೆ ನಿಂತಿತು. ವೀಕ್ಷಣಾ ಪುಸ್ತಕದಲ್ಲಿ ‘ಸಮಯಪಾಲನೆ ಸುಧಾರಿಸಬೇಕು’ ಎಂದು ಬಂತು. ನ್ಯಾಯವಾದ ಮಾತು. ಅದರ ಕೆಳಗೆ ‘ನೈದಾನಿಕ ಅಂಶ ಗಮನಾರ್ಹ’ ಎಂದೂ ಇತ್ತು.

ಪಾಠದ ನಂತರ ಉಪನ್ಯಾಸಕರಿಗೆ ಎಲ್ಲ ಹೇಳಿದೆ, ದಿನಚರಿಯ ಆ ವಾಕ್ಯವನ್ನೂ ತೋರಿಸಿದೆ. ಆಗ ಅವರು ‘ಬಗ್ಗಿ’ ಎಂಬ ಕಂಪ್ಯೂಟರ್ ಪ್ರೋಗ್ರಾಮಿನ ಬಗ್ಗೆ ಹೇಳಿದರು. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಅದರ ಕುರಿತು ಪ್ರಕಟಿಸಿದ್ದರು. ಕಂಪ್ಯೂಟರ್ ಒಂದು ತಪ್ಪು ನಿಯಮವುಳ್ಳ ವಿದ್ಯಾರ್ಥಿಯಂತೆ ಲೆಕ್ಕ ಮಾಡುತ್ತದೆ. ಶಿಕ್ಷಕ ಪ್ರಶಿಕ್ಷಣಾರ್ಥಿಗಳು ಬೇರೆ ಬೇರೆ ಲೆಕ್ಕ ಕೊಟ್ಟು ಆ ನಿಯಮ ಯಾವುದೆಂದು ಕಂಡುಹಿಡಿಯಬೇಕು. 52ರಿಂದ 38 ಕಳೆದು 26 ಎಂದು ಬರೆಯುವ ಮಗುವನ್ನೇ ತೆಗೆದುಕೊಳ್ಳಿ. ಅದು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ. ಕಳೆಯಲು ಅದಕ್ಕೆ ಬರುತ್ತದೆ. ದಶಕ ತೆಗೆದುಕೊಳ್ಳುವ ಹೆಜ್ಜೆಯ ಜಾಗದಲ್ಲಿ ಬೇರೊಂದು ಹೆಜ್ಜೆ ಕೂತಿದೆ. ‘ಕಳೆಯುವುದು ಬರುವುದಿಲ್ಲ’ ಎಂದು ಷರಾ ಬರೆದರೆ ಆ ಹೆಜ್ಜೆ ಎಂದಿಗೂ ಸಿಗುವುದಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು. ನೈದಾನಿಕ ಪರೀಕ್ಷೆಯೆಂದರೆ ಘಟಕದ ಕೊನೆಯ ಇನ್ನೊಂದು ಕಿರುಪರೀಕ್ಷೆ ಅಲ್ಲ. ಎಲ್ಲಿ ಸರಿ ಬರುತ್ತದೆ, ಎಲ್ಲಿ ತಪ್ಪುತ್ತದೆ ಎಂಬ ಗಡಿ ಕಾಣುವಂತೆ ಪ್ರಶ್ನೆಗಳನ್ನು ಜೋಡಿಸಬೇಕು. ಮಗು ತಪ್ಪುತ್ತಿರುವಾಗ ಮಧ್ಯೆ ಬಾಯಿ ಹಾಕಬೇಡಿ, ಪೂರ್ತಿ ಹೇಳಲು ಬಿಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ಬರೆದಿಡಿ. ಒಂದೇ ತಪ್ಪುತ್ತರಕ್ಕೆ ಎರಡು ಕಾರಣ ಇರಬಹುದೆಂಬುದು ನೆನಪಿರಲಿ. ಹಳೆಯ ತಪ್ಪು ಹೋಗಿ ಹೊಸ ತಪ್ಪು ಬಂದರೆ ಬೇಸರಪಡಬೇಡಿ.

ಆದರೆ ಹೋಲಿಕೆ ಒಂದು ಕಡೆ ನಿಲ್ಲುತ್ತದೆ. ಯಂತ್ರಕ್ಕೆ ಸ್ನ್ಯಾಪ್‌ಶಾಟ್ ಇತ್ತು. ನಾನು ಎಷ್ಟು ಕೆಡಿಸಿದರೂ ಹಿಂದಿನ ಸ್ಥಿತಿಗೆ ಮರಳಿಸಬಹುದಿತ್ತು. “ಇಷ್ಟೂ ಗೊತ್ತಿಲ್ವಾ” ಎಂದು ನಾನಂದ ಮಾತಿಗೆ ಅಂಥದ್ದಿಲ್ಲ. ಇಂಟರ್ನ್‌ಶಿಪ್‌ನ ಕೊನೆಯ ವಾರ ತರಗತಿಯ ಮುಂದೆಯೇ ಹೇಳಿದೆ: ಅಂದು ನಾನು ಓದಿದ ರೀತಿ ತಪ್ಪಾಗಿತ್ತು, ಇವಳು ನನ್ನ ಮಾತನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಳು ಎಂದು. ಅವಳು ತಲೆ ತಗ್ಗಿಸಿ ಪುಸ್ತಕದ ಅಂಚನ್ನು ಮಡಚುತ್ತಿದ್ದಳು. ಅಂದೂ ಕೈ ಎತ್ತಲಿಲ್ಲ. ಸಂಜೆ ಹೊರಡುವಾಗ ಬಂದು, “ಮಿಸ್, ನಾವು ಮತ್ತೆ ಮಳೆ ಅಳೀಬಹುದಾ?” ಎಂದು ಕೇಳಿದಳು.

ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಒಪ್ಪಿಸಿದೆ. ಹಳೆಯ ಅಂಕಿಗಳನ್ನು ಮುದ್ರಿಸಿ ಬೈಂಡ್ ಮಾಡಿಸಿ ಶಾಲೆಗೆ ಕೊಟ್ಟೆ; ಫೈಲಿನ ಒಂದು ಪ್ರತಿ ಮುಖ್ಯಶಿಕ್ಷಕರ ಕಂಪ್ಯೂಟರಿನಲ್ಲಿದೆ. ಅದರ ಪಕ್ಕದಲ್ಲಿ ಹೊಸದೊಂದು ನೋಟುಬುಕ್. ಮೊದಲ ಸಾಲು ಅವಳ ಅಕ್ಷರದಲ್ಲಿದೆ: ಬೆಳಿಗ್ಗೆ 8.30, ಮಳೆ 4.6 ಮಿ.ಮೀ. ಅದನ್ನು ಅವಳು ಗಟ್ಟಿಯಾಗಿ ಓದಿದ್ದು ‘ನಾಲ್ಕು ದಶಮಾಂಶ ಆರು’ ಎಂದು.